ಗೋಣೆಪ್ಪನವರ ಗೋಡೆಯ ಮೇಲಿನ ಬೆಂಕಿ

ರಾಣೆಬೆನ್ನೂರು
ಮಂಗಳವಾರ, ೧೧ ನವೆಂಬರ್ ೨೦೨೫

ಬುಡನಾ,

ಬೆಂಕಿ ನೀನು ಬರೆದದ್ದಲ್ಲ, ಸರಿ. ನಿನ್ನೆ ಫೋನಿನಲ್ಲಿ ನೀನು ಅದನ್ನೇ ಮೂರು ಸಲ ಹೇಳಿದೆ, ನಾನೂ ಮೂರು ಸಲ ಹೌದೆಂದೆ, ನಿನಗೆ ಒಂದೂ ಕೇಳಿಸಲಿಲ್ಲ. ಕಿವಿಯ ಮಷೀನನ್ನು ಮತ್ತೆ ಕಪಾಟಿನಲ್ಲಿ ಇಟ್ಟಿದ್ದೀಯಂತೆ, ನಿನ್ನ ಅಳಿಯ ಅಸ್ಲಮ್ ಹೇಳಿದ. ಅದಕ್ಕೇ ಈ ಕಾಗದ. ನಾಳೆ ಬೆಳಿಗ್ಗೆ ಅವನು ಟೆಂಪೊ ತೆಗೆದುಕೊಂಡು ರಾಣೆಬೆನ್ನೂರಿಗೆ ಬರುತ್ತಾನೆ, ತಿರುಗಿ ಗುತ್ತಲಕ್ಕೆ ಹೊರಡುವಾಗ ಅವನ ಕೈಯಲ್ಲಿ ಕೊಡುತ್ತೇನೆ.

ಮೊದಲು ಸಲಾಮು ಬರೆಯಬೇಕಿತ್ತು, ಮರೆತೆ. ಈಗ ತೆಗೆದುಕೋ. ನಾನು ನಿನಗೆ ಕಾಗದ ಬರೆದು ಮೂವತ್ತು ವರ್ಷದ ಮೇಲಾಗಿರಬೇಕು. ತಡವಾದದ್ದಕ್ಕೆ ಕ್ಷಮೆ ಎಂದು ಬರೆದರೆ ನೀನು ನಗುತ್ತೀ. ನಗು. ನನ್ನ ಮೊಣಕಾಲು ಹಾಗೇ ಇದೆ. ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು, ಎಡಗಣ್ಣಿಗೆ ಡಾಕ್ಟರು ಸಂಕ್ರಾಂತಿ ಮುಗಿಯಲಿ ಎಂದಿದ್ದಾರೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಬೆಳಿಗ್ಗೆ ಮಾಡಿದ ಅನ್ನವೇ ರಾತ್ರಿಗೂ. ಮಾಡಲು ಬರುವುದಿಲ್ಲ ಎಂದಲ್ಲ, ದಣಿವು.

ನೀನು ಕೇಳಿದ ಪ್ರಶ್ನೆ ಒಂದೇ: "ವೈನಿ ಹಂಗ್ಯಾಕ ಅಂದ್ರೋ?" ಅದಕ್ಕೆ ಬರುತ್ತೇನೆ. ಮೊದಲು ಎಲ್ಲವನ್ನೂ ಸಾಲಾಗಿ ಹೇಳಿಬಿಡುತ್ತೇನೆ, ಫೋನಿನಲ್ಲಿ ಅರ್ಧಂಬರ್ಧ ಆಯಿತು.

ಧನಶ್ರೀ ಎಂಬ ಹುಡುಗಿ ಹಾವೇರಿಯವಳು. ಚಿತ್ರಕಲೆ ಓದಿದವಳು, ಈಗ ಒಂದು ಪುಸ್ತಕ ಮಾಡುತ್ತಿದ್ದಾಳೆ. ಆಕಾಶಕ್ಕೆ ಹೋಗಿ ತಿರುಗಿ ಬರುವ ರಾಕೆಟ್ಟುಗಳು ಇನ್ನೂ ಹುಟ್ಟುವ ಮೊದಲೇ ಜನ ಅವುಗಳ ಹಾರಾಟವನ್ನು ಹೇಗೆ ಊಹಿಸಿ ಬಣ್ಣದಲ್ಲಿ ಬರೆದರು ಎಂಬುದೇ ಪುಸ್ತಕದ ವಿಷಯ. ಅಮೆರಿಕದ ದೊಡ್ಡ ಕಲಾವಿದರ ಚಿತ್ರಗಳೆಲ್ಲ ಅದರಲ್ಲಿ ಇವೆಯಂತೆ. ಅವುಗಳ ನಡುವೆ ಒಂದು ಪುಟದಲ್ಲಿ ಬ್ಯಾಡಗಿಯ ಗೋಣೆಪ್ಪ ಸಾಹುಕಾರರ ಮೆಣಸಿನಕಾಯಿ ಗೋದಾಮಿನ ಗೋಡೆ. ನಮ್ಮ ಗೋಡೆ, ಬುಡನಾ. ಗೋಣೆಪ್ಪನವರ ಮೊಮ್ಮಗ ಶನಿವಾರ ಆ ಗೋದಾಮು ಕೆಡವಿಸಿ ಕೋಲ್ಡ್ ಸ್ಟೋರೇಜು ಕಟ್ಟಿಸುತ್ತಾನೆ. ಅದಕ್ಕೆ ಮೊದಲು, ಗುರುವಾರ, ಆಕೆ ದೊಡ್ಡ ಕ್ಯಾಮೆರಾ ತಂದು ಫೋಟೊ ತೆಗೆಯುತ್ತಾಳೆ. ಫೋಟೊದ ಕೆಳಗೆ ಹೆಸರು ಹಾಕಬೇಕು, ಯಾರು ಏನು ಬರೆದರು ಎಂದು. ಇರುವುದು ಅಷ್ಟೇ. ಆದರೆ ಅಷ್ಟಕ್ಕೇ ನನಗೆ ನಾಲ್ಕು ದಿನದಿಂದ ನಿದ್ದೆಯಿಲ್ಲ.

ನಿನಗೆ ಆ ಹಾಳೆ ನೆನಪಿದೆಯೇ? ನಾನು ಬಿ.ಎಸ್ಸಿ. ಎರಡನೆಯ ವರ್ಷ ನಪಾಸಾಗಿ, ಕಾಲೇಜು ಬಿಡುವ ದಿನ ಲೈಬ್ರರಿಯಲ್ಲಿ ಒಂದು ಅಮೆರಿಕದ ಪತ್ರಿಕೆಯಿಂದ ಹರಿದುಕೊಂಡು ಬಂದದ್ದು. ಹರಿಯುವಾಗ ಸದ್ದು ಕೇಳಬಾರದೆಂದು ಕೆಮ್ಮಿದ್ದೆ. ಎರಡು ವಿಮಾನ ಬಾಲದ ಮೇಲೆ ನಿಂತಿವೆ, ದೊಡ್ಡದರ ಬೆನ್ನಿಗೆ ಸಣ್ಣದು ಅಂಟಿಕೊಂಡಿದೆ, ಕೆಳಗೆ ಬೆಂಕಿ, ಹೊಗೆ, ಎಲ್ಲ ಏರುತ್ತಿದೆ. ದೊಡ್ಡದು ಅರ್ಧ ದಾರಿಯವರೆಗೆ ಹೊತ್ತು ತಿರುಗಿ ಇಳಿಯುತ್ತದೆ, ಸಣ್ಣದು ಮುಂದೆ ಹೋಗಿ ಕೆಲಸ ಮುಗಿಸಿ ತಾನೂ ತಿರುಗಿ ಇಳಿಯುತ್ತದೆ, ಎರಡನ್ನೂ ಮತ್ತೆ ಹಾರಿಸಬಹುದು ಎಂದು ಬರೆದಿತ್ತು. ಅಂಥದ್ದು ಆಗಿನ್ನೂ ಎಲ್ಲಿಯೂ ಇರಲಿಲ್ಲ. ಚಿತ್ರದ ಮೂಲೆಯಲ್ಲಿ ಆರ್ಟಿಸ್ಟ್ಸ್ ಕನ್ಸೆಪ್ಷನ್ ಎಂದು ಸಣ್ಣ ಅಕ್ಷರದಲ್ಲಿತ್ತು. ಕನ್ಸೆಪ್ಷನ್ ಎಂಬ ಶಬ್ದ ನನಗೆ ಬಯಾಲಜಿ ಕ್ಲಾಸಿನಲ್ಲಿ, ಗರ್ಭ ಕಟ್ಟುವುದು ಎಂಬ ಅರ್ಥದಲ್ಲಿ ಮಾತ್ರ ಕೇಳಿ ಗೊತ್ತು; ಇಲ್ಲಿ ಅದು ಕಲಾವಿದನ ಕಲ್ಪನೆ ಎಂದು ತಿಳಿಯಲಿಲ್ಲ. ಹೀಗಾಗಿ ನಿನಗೂ ಊರಿಗೂ ಇದು ತಾಯಿ, ಇದು ಕೂಸು ಎಂದು ಹೇಳುತ್ತ ಹೋದೆ. ಧನಶ್ರೀಗೆ ಇದನ್ನು ಹೇಳಿದಾಗ ಆಕೆ ಬಿದ್ದು ಬಿದ್ದು ನಕ್ಕಳು, ಆಮೇಲೆ ಬರೆದುಕೊಂಡಳು.

ಆಗ ಗೋಣೆಪ್ಪನವರಿಗೆ ಚೀಲದ್ದೇ ಚಿಂತೆ. ಮೆಣಸಿನಕಾಯಿ ತುಂಬಿಕೊಂಡು ಹೋದ ಗೋಣಿಚೀಲ ಖಾಲಿಯಾಗಿ ತಿರುಗಿ ಬರಬೇಕು, ಮತ್ತೆ ತುಂಬಬೇಕು. ದೂರದ ಪೇಟೆಗಳಲ್ಲಿ ಇವರ ಚೀಲ ಅವರಲ್ಲಿ, ಅವರ ಚೀಲ ಇವರಲ್ಲಿ. ದೂರದಿಂದಲೇ ಗುರುತು ಹತ್ತುವಂಥ ಒಂದು ಮಾರ್ಕು ಮಾಡಿಕೊಡಿ ಎಂದು ನಮ್ಮಿಬ್ಬರನ್ನು ಕರೆಸಿದರು. ನೀನು ತಗಡು ಕತ್ತರಿಸಿ ಅಚ್ಚು ಮಾಡುವವನು, ನಾನು ಬೋರ್ಡು ಬರೆಯುವವನು. ಆನೆ ತೋರಿಸಿದೆವು, ನವಿಲು ತೋರಿಸಿದೆವು. ಕೊನೆಗೆ ನಾನು ಕಿಸೆಯಿಂದ ಆ ಹಾಳೆ ತೆಗೆದೆ. ಅವರು ಕನ್ನಡಕ ಏರಿಸಿ ಕೇಳಿದ್ದು ಒಂದೇ ಮಾತು: "ಇದು ಹೋಗಿ ತಿರುಗಿ ಬರ್ತೈತೇನು? ಹಂಗಾದ್ರ ಇದನ್ನ ಹಾಕ್ರಿ."

ನೀನು ಕತ್ತರಿಸಿದ ಆ ಅಚ್ಚು ಈಗಲೂ ಗೋದಾಮಿನ ಮೊಳೆಯಲ್ಲಿ ತೂಗುತ್ತಿದೆ. ಧನಶ್ರೀ ಅದನ್ನು ಕರವಸ್ತ್ರದಲ್ಲಿ ಹಿಡಿದು ನೋಡಿದಳು. ರೆಕ್ಕೆಯ ತುದಿಗಳನ್ನು ಎಷ್ಟು ಹಗುರಾಗಿ ತಿರುಗಿಸಿದ್ದಾರೆ ಎಂದಳು. ನಾನು ನಿನ್ನ ಹೆಸರು ಹೇಳಿದೆ, ಆಕೆ ನನ್ನ ಎದುರಿಗೇ ಬರೆದುಕೊಂಡಳು. ಅಚ್ಚು: ಬುಡನಸಾಬ. ಅಷ್ಟರ ಮಟ್ಟಿಗೆ ನೀನು ನಿಶ್ಚಿಂತನಾಗಿರು.

ಗೋಡೆಗೆ ಮಾತ್ರ ತಕರಾರು ಬಂತು. ರಸ್ತೆಯ ಕಡೆಯ ಗೋಡೆಗೆ ದೊಡ್ಡದಾಗಿ ಬರೆಯಲು ಹಲಗೆ ಕಟ್ಟಿದ್ದೆವಲ್ಲ, ನಾನು ಕೆಳಗಿನಿಂದ ಬೆಂಕಿಯನ್ನೇ ಮೊದಲು ಗೆರೆ ಹಾಕತೊಡಗಿದ್ದೆ. ಗೋಣೆಪ್ಪನವರು ಗದ್ದುಗೆ ಬಿಟ್ಟು ಎದ್ದು ಬಂದರು. ಮೆಣಸಿನಕಾಯಿ ಇಟ್ಟ ಮನೆಯ ಗೋಡೆಯ ಮೇಲೆ ಬೆಂಕಿಯೇ ಎಂದರು. ಅವರ ಅಂಗಳದಲ್ಲಿ ಬೀಡಿ ಸೇದುವ ಹಾಗಿರಲಿಲ್ಲ. ದೀಪಾವಳಿಯ ಹಣತೆಯನ್ನೂ ರಸ್ತೆಯಾಚೆ ಇಟ್ಟು ಈಚೆಯಿಂದ ಕೈ ಮುಗಿಯುತ್ತಿದ್ದರು. "ಬೆಂಕಿ ಬ್ಯಾಡ, ಹೊಗಿ ಬ್ಯಾಡ. ಹಂಗ ಏರ್ಲಿ," ಎಂದರು. ಹಂಗ ಹೇಗೆ ಏರುತ್ತದೆ? ನೀನೇ ಹೇಳಿದೆ, ಕೆಳಗೆ ಹತ್ತಿ ಬಿಡಿಸಿದ ಹಾಗೆ ಬಿಳಿ ಮೋಡ ಬರೆದುಬಿಡು ಎಂದು. ಬರೆದೆ. ನಮ್ಮ ರಾಕೆಟ್ಟು ಹತ್ತಿಯ ರಾಶಿಯ ಮೇಲಿಂದ ಬೆಂಕಿಯಿಲ್ಲದೆ ಎದ್ದಿತು. ಜಗತ್ತಿನಲ್ಲಿ ಇಂಥ ಇನ್ನೊಂದು ಚಿತ್ರ ತನಗೆ ಸಿಕ್ಕಿಲ್ಲ ಎಂದು ಧನಶ್ರೀ ಹೇಳುತ್ತಾಳೆ.

ನನ್ನ ಸೋಮವ್ವ, ನಿನ್ನ ವೈನಿ, ಆಗ ಅದೇ ಗೋದಾಮಿಗೆ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗುತ್ತಿದ್ದಳು, ಜೊತೆಗೆ ಕೆಲಸ ಮಾಡುವ ಉಡಚವ್ವನ ಪಕ್ಕದಲ್ಲಿ ಕೂಡ್ರುತ್ತಿದ್ದಳು. ಬಸುರಿ, ಏಳನೆಯ ತಿಂಗಳು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಮ್ಮ ಹಲಗೆಯ ಕೆಳಗೇ ಬಂದು ಕೂಡ್ರುತ್ತಿದ್ದಳು, ನಿನ್ನ ಪಾಲಿನ ರೊಟ್ಟಿ ಬೇರೆ ಕಟ್ಟಿ ತಂದಿರುತ್ತಿದ್ದಳು. ಕತ್ತೆತ್ತಿ ಬಹಳ ಹೊತ್ತು ನೋಡಿ ಒಂದು ದಿನ ಕೇಳಿದಳು, ಇಬ್ಬರೂ ತಿರುಗಿ ಬರುತ್ತಾರೇನು ಎಂದು. ಬರುತ್ತಾರೆ, ಮೊದಲು ತಾಯಿ, ಆಮೇಲೆ ಕೂಸು ಎಂದೆ. ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು, "ಸಾವ್ಕಾರ್ರು ಅಂದಿದ್ದು ಚಲೋ ಆತು. ಕೂಸಿನ ಕೆಳಗ ಬೆಂಕಿ ಹಚ್ಚಬ್ಯಾಡ್ರಿ," ಎಂದಳು. ಇಲ್ಲ ಎಂದು ನಾನು ಮಾತು ಕೊಟ್ಟೆ. ನೀನು ಬಣ್ಣ ಕಲಸುತ್ತಿದ್ದೆ, ಕೇಳಿಸಿಕೊಂಡಿದ್ದೀಯೋ ಇಲ್ಲವೋ.

ಮೂರು ವಾರದ ನಂತರ, ಸೋಮವ್ವ ಕೆಲಸ ಬಿಟ್ಟು ಮನೆಯಲ್ಲಿ ಉಳಿದ ಮೇಲೆ, ನಮ್ಮ ಫಿಜಿಕ್ಸ್ ಸರ್ ಆ ದಾರಿಯಲ್ಲಿ ಬಂದರು, ನನ್ನ ದುರ್ದೈವ. ಸೈಕಲ್ಲಿನಿಂದ ಇಳಿಯಲೂ ಇಲ್ಲ. ಒಂದು ಕಾಲು ಊರಿ ನಿಂತು, "ಏನೋ ಪ್ರಭುಲಿಂಗ, ನಿನ್ನ ವಿಮಾನ ನಿಂತಲ್ಲೇ ನಿದ್ದಿ ಹೊಡ್ಯಾಕತ್ತಾವಲ್ಲೋ. ಸುಮ್ಮನ ಫೇಲಾಗಿಲ್ಲ ಬಿಡು ನೀ," ಎಂದು ಹೋದರು. ಆಕ್ಷನ್ ಅಂಡ್ ರಿಯಾಕ್ಷನ್ ಆರ್ ಈಕ್ವಲ್ ಅಂಡ್ ಆಪೋಜಿಟ್. ಬೆಂಕಿ ಕೆಳಕ್ಕೆ ನೂಕಿದರೇ ರಾಕೆಟ್ಟು ಮೇಲಕ್ಕೆ. ಪರೀಕ್ಷೆಯಲ್ಲಿ ನನಗೆ ಪೂರ್ತಿ ಬಂದಿದ್ದ ಉತ್ತರ ಅದೊಂದೇ, ಬುಡನಾ. ಅದನ್ನೇ ನಾನು ಗೋಡೆಯ ಮೇಲೆ ತಪ್ಪು ಬರೆದು ನಿಂತಿದ್ದೆ. ಆ ಸಂಜೆ ಎಲ್ಲರೂ ಹೋದ ಮೇಲೆ ಮತ್ತೆ ಹಲಗೆ ಹತ್ತಿದೆ. ನನ್ನ ಡಬ್ಬಿಯಲ್ಲಿ ಕೆಂಪು ಮುಗಿದಿತ್ತು. ನೀನು ಚೀಲಕ್ಕೆ ಅಚ್ಚು ಹೊಡೆಯಲು ಸೀಮೆಎಣ್ಣೆಯಲ್ಲಿ ಕಲಸಿಟ್ಟ ಕೆಂಪು ಇತ್ತು, ನಿನ್ನ ಕುಂಚವೂ ಅದರಲ್ಲೇ ಇತ್ತು. ಕಾಲು ತಾಸು ಸಾಕಾಯಿತು. ಇಳಿದು ದೂರ ನಿಂತು ನೋಡಿದಾಗ ರಾಕೆಟ್ಟು ಖರೇನ ಏರುತ್ತಿತ್ತು. ನಾನು ಬರೆದದ್ದರಲ್ಲಿ ಅಷ್ಟು ಚೆನ್ನಾದದ್ದು ಆಮೇಲೆ ಒಂದೂ ಬರೆಯಲಿಲ್ಲ. ಅದನ್ನು ಈಗ ಹೇಳಬಾರದು, ಆದರೂ ಹೇಳುತ್ತೇನೆ.

ಮರುದಿನ ಗೋಣೆಪ್ಪನವರು ಕುಣಿದಾಡಿದ್ದು ನಿನಗೆ ಗೊತ್ತು. ಯಾರದು ಈ ಕೆಲಸ ಎಂದು ಕೇಳಿದಾಗ ನಾನು ಬಗ್ಗಿ ಬಣ್ಣದ ಡಬ್ಬಿಗಳನ್ನು ಸರಿಸತೊಡಗಿದೆ. ನೀನು ನನ್ನ ಮುಖ ನೋಡಲೂ ಇಲ್ಲ. "ಇಬ್ಬರದೂ ಐತ್ರಿ ಸಾವ್ಕಾರ್ರ. ಬೈಯೂದಿದ್ರ ಇಬ್ಬರಿಗೂ ಕೂಡೇ ಬೈದುಬಿಡ್ರಿ," ಎಂದು ನೀನೇ ಹೇಳಿಬಿಟ್ಟೆ. ಅವರು ನಕ್ಕುಬಿಟ್ಟರು. ಹತ್ತಿದ ಬೆಂಕಿ ಈಗ ಅಳಿಸಿದರೆ ಏನಾದೀತೋ ಎಂಬ ಅಂಜಿಕೆ ಬೇರೆ. ಅಳಿಸಬೇಡಿ, ಇರಲಿ ಎಂದರು. ಉಳಿಯಿತು. ಗೋದಾಮಿಗೆ ಒಂದು ಕಿಡಿಯೂ ಬೀಳಲಿಲ್ಲ, ನಲವತ್ತೇಳು ವರ್ಷ.

ಎಂಬತ್ತೊಂದರಲ್ಲಿ ಅಮೆರಿಕದವರು ನಿಜವಾಗಿ ಹಾರಿಸಿದಾಗ ಗೋಣೆಪ್ಪನವರು ಪೇಪರು ಹಿಡಿದು ನಮ್ಮನ್ನು ಕರೆಸಿದ್ದರಲ್ಲ. ಒಂದೇ ವಿಮಾನ, ಅದರ ಹೊಟ್ಟೆಗೆ ಒಂದು ದೊಡ್ಡ ಇಂಧನದ ಟಾಕಿ, ಪಕ್ಕಕ್ಕೆ ಎರಡು ಕೊಳವೆ. ಟಾಕಿಯನ್ನು ಮೇಲೆಯೇ ಬಿಸಾಕುತ್ತಾರೆಂದು ನಾನು ಓದಿ ಹೇಳಿದೆ. ಅವರಿಗೆ ಬಹಳ ಬೇಸರವಾಯಿತು. ಅದಕ್ಕಿಂತ ನಮ್ಮದೇ ವಾಸಿ, ನಮ್ಮದರಲ್ಲಿ ಒಂದೂ ಹೊರಗೆ ಉಳಿಯುವುದಿಲ್ಲ ಎಂದರು. ಈಗಿನವು ಬಾಲದ ಮೇಲೆ ನಿಂತೇ ಇಳಿಯುತ್ತವೆ, ನೋಡಿದ್ದೀಯಾ? ಧನಶ್ರೀ ಮೊಬೈಲಿನಲ್ಲಿ ತೋರಿಸಿದಳು. ಇಳಿಯುವಾಗಲೂ ಕೆಳಗೆ ಬೆಂಕಿ. ನಾನು ಬೇಡ ಎಂದು ಮೊಬೈಲು ತಿರುಗಿ ಕೊಟ್ಟೆ. ಕಣ್ಣಿಗೆ ನೋವೇನು ಕಾಕಾ ಎಂದು ಕೇಳಿತು ಹುಡುಗಿ.

ನಿನಗೆ ಎಂದೂ ಬಿಡಿಸಿ ಹೇಳಲಿಲ್ಲ, ಆದರೂ ಗೊತ್ತು. ಬೆಂಕಿ ಬರೆದು ಹನ್ನೊಂದನೆಯ ದಿನಕ್ಕೆ ಸೋಮವ್ವನಿಗೆ ನೋವು ಬಂತು. ಎಂಟು ತುಂಬಿರಲಿಲ್ಲ. ಗಂಡು. ಅಳಲಿಲ್ಲ. ಸೂಲಗಿತ್ತಿ ಕಾಲು ಹಿಡಿದು ಬಡಿದಳು, ನೀರು ಹಾಕಿದಳು, ಅಳಲೇ ಇಲ್ಲ. ನೀನೇ ನನ್ನ ಜೊತೆ ಹಳ್ಳದ ದಂಡೆಗೆ ಬಂದಿದ್ದೆ, ಗುದ್ದಲಿ ನಿನ್ನ ಹೆಗಲ ಮೇಲಿತ್ತು. ಮುಂದೆ ಐದು ವರ್ಷಕ್ಕೆ ಮಗಳು ಹುಟ್ಟಿದಳು, ಆಕೆ ಈಗ ಹಲಗೇರಿಯ ಶಾಲೆಯಲ್ಲಿ ಕಲಿಸುತ್ತಾಳೆ, ರವಿವಾರ ಬಂದು ಹೋಗುತ್ತಾಳೆ. ದೇವರು ಕೊಡಲಿಲ್ಲ ಎನ್ನುವ ಹಾಗಿಲ್ಲ.

ಈಗ ಮೊನ್ನೆಯ ಶುಕ್ರವಾರ. ಧನಶ್ರೀ ಗೋಡೆಯ ಹತ್ತಿರ ಮುಖ ಒಯ್ದು ನೋಡಿದಳು. ಉಳಿದ ಬಣ್ಣವೆಲ್ಲ ಮಾಸಿ ಬೂದಿಯಾಗಿದೆ, ಬೆಂಕಿ ಮಾತ್ರ ಹೆಪ್ಪುಗಟ್ಟಿದ ಹಾಗೆ ಕಪ್ಪುಗೆಂಪಾಗಿ ಉಳಿದಿದೆ. "ಕಾಕಾ, ಇದು ಬ್ಯಾರೆ ಬಣ್ಣ ಅದ. ಕುಂಚಾನೂ ಬ್ಯಾರೆ. ಇದನ್ನ ಯಾರು ಬರದಾರ್ರಿ?" ಎಂದು ಕೇಳಿದಳು. ನಾನು ನೆನಪಿಲ್ಲ ಎಂದೆ. ನೆನಪಿಲ್ಲವಂತೆ. ಆಗ ಒಳಗಿನಿಂದ ಉಡಚವ್ವ, ಈಗ ಎಂಬತ್ತು ದಾಟಿದೆ, ಮೊಮ್ಮಗಳ ಜೊತೆ ಸುಮ್ಮನೆ ಬಂದು ಕೂಡ್ರುತ್ತಾಳೆ, ಆಕೆ ಕೂಗಿ ಹೇಳಿದಳು: "ಬೆಂಕಿ ಬುಡನಸಾಬ ಬರದಾನವಾ. ಸೋಮವ್ವ ಖುದ್ದ ನನಗ ಹೇಳ್ಯಾಳ. ಆಕಿ ಸುಳ್ಳ ಹೇಳಾಕಿ ಅಲ್ಲ."

ಹುಡುಗಿ ಬರೆದುಕೊಂಡಳು. ಬೆಂಕಿ: ಬುಡನಸಾಬ. ಬಣ್ಣವೂ ನಿನ್ನದು, ಕುಂಚವೂ ನಿನ್ನದು, ಸಾಕ್ಷಿಯೂ ಆಯಿತು. ನಾನು ನಿಂತೇ ಇದ್ದೆ. ಆಮೇಲೆ ಆಕೆ ಅಸ್ಲಮ್‌ಗೆ ಫೋನು ಮಾಡಿ ನಿನ್ನನ್ನೂ ಕೇಳಿಸಿದ್ದಾಳೆ, ನೀನು ನನಗೆ ಮಾಡಿದೆ.

ಗುರುವಾರ ನಾನು ಬ್ಯಾಡಗಿಗೆ ಹೋಗಿ ಬೆಂಕಿ ನನ್ನದು ಎಂದು ಹೇಳುತ್ತೇನೆ. ಆಕೆಗೆ ಇಂಗ್ಲಿಷಿನಲ್ಲಿ ಹೇಳಿದರೆ ಸುಲಭವಾದೀತು ಎಂದು ನಿನ್ನೆಯಿಂದ ಬಾಯಿಪಾಠ ಮಾಡುತ್ತಿದ್ದೇನೆ. ಐ ಬೆಗ್ ಟು ಸ್ಟೇಟ್ ದ್ಯಾಟ್. ಅದರ ಮುಂದೆ ನನಗೆ ಬರುವುದು ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಎಂಬುದೊಂದೇ, ರಜಾ ಅರ್ಜಿಯದು. ನೀನೂ ಬರಬೇಕು. ಗುತ್ತಲದಿಂದ ಎಂಟರ ಬಸ್ಸಿಗೆ ಹಾವೇರಿಗೆ ಬಾ, ನಾನು ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಇಬ್ಬರೂ ಕೂಡಿ ಬ್ಯಾಡಗಿಯ ಬಸ್ಸು ಹತ್ತೋಣ. ಕಿವಿಯ ಮಷೀನು ಹಾಕಿಕೊಂಡು ಬಾ. ಈ ಕಾಗದ ಓದಿದ ಮೇಲೆ ಬರಬಾರದು ಅನ್ನಿಸಿದರೆ ಬರಬೇಡ, ಆ ಹಕ್ಕು ನಿನಗಿದೆ.

ನಿನ್ನ ಮಗಳಿಗೂ ಅಸ್ಲಮ್‌ಗೂ ನನ್ನ ಹರಕೆ. ನಿನ್ನನ್ನು ಹರಸುವ ವಯಸ್ಸು ನನಗಿಲ್ಲ, ನೀನು ಎಂಟು ತಿಂಗಳು ದೊಡ್ಡವನು. ಇನ್ನಷ್ಟು ದಿನ ಇರು, ಅಷ್ಟೇ ಕೇಳುತ್ತೇನೆ.

ನಿನ್ನ
ಪ್ರಭುಲಿಂಗಪ್ಪ

ತಾ.ಕ.: ನೀನು ಕೇಳಿದ್ದಕ್ಕೆ ಉತ್ತರ ಬರೆಯದೆ ಸಹಿ ಹಾಕಿಬಿಟ್ಟಿದ್ದೇನೆ. ಮಡಚಿ, ಮತ್ತೆ ಬಿಚ್ಚಿದೆ.

ವೈನಿ ಹಾಗೇಕೆ ಅಂದರು ಎಂದರೆ, ನಾನು ಆಕೆಗೆ ಹಾಗೆ ಹೇಳಿದ್ದೆ.

ಬಾಣಂತನ ಮುಗಿಸಿ ಮೊದಲ ದಿನ ಗೋದಾಮಿಗೆ ಹೋದವಳು ಮಧ್ಯಾಹ್ನಕ್ಕೇ ಮನೆಗೆ ಬಂದಳು. ಬುತ್ತಿ ಬಿಚ್ಚಿರಲಿಲ್ಲ. ಹೊಸ್ತಿಲ ಮೇಲೆ ಕೂತು, "ಬೆಂಕಿ ಯಾರು ಬರದರ್ರಿ?" ಎಂದು ಕೇಳಿದಳು. ಸಿಟ್ಟಿರಲಿಲ್ಲ. ನಾನು ಮಾತು ಕೊಟ್ಟಿದ್ದೆನಲ್ಲ, ಅದಕ್ಕೇ ನಾನಲ್ಲ ಎಂದು ಆಕೆಗೆ ಖಾತ್ರಿಯಿತ್ತು. ಇಬ್ಬರದೂ ಎಂದು ನೀನು ಸಾಹುಕಾರರ ಮುಂದೆ ಹೇಳಿದ ಮಾತು ನನ್ನ ಬಾಯಲ್ಲಿಯೇ ಇತ್ತು. ಅದರಲ್ಲಿ ಅರ್ಧ ಮಾತ್ರ ಹೇಳಿದೆ. ಬುಡನ ಎಂದೆ.

ಆಮೇಲೆ ನೀನು ಬಂದಾಗ ಆಕೆ ಹೊರಗೆ ಬರಲಿಲ್ಲ. ಬೆಲ್ಲದ ಚಾ ಬರಲಿಲ್ಲ. ಒಳಗೆ ಕೆಲಸವಿದೆ ಎಂದು ನಾನು ಹೇಳುತ್ತಿದ್ದೆ. ನೀನು ವರ್ಷಕ್ಕೆರಡು ಸಲ ಬರುವವನಾದೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಕಾಲ ಕೆಟ್ಟಿತು, ಊರೂರಿನಲ್ಲಿ ಜನ ನಮ್ಮವರು ನಿಮ್ಮವರು ಎಂದು ಮಾತಾಡತೊಡಗಿದರು, ನೀನು ಬರುವುದನ್ನೇ ಬಿಟ್ಟೆ. ವೈನಿಯ ಮನಸ್ಸಿನಲ್ಲಿಯೂ ಅದೇ ಹೊಕ್ಕಿದೆ ಎಂದು ನೀನು ತಿಳಿದುಕೊಂಡೆ. ನನಗೆ ಗೊತ್ತಿತ್ತು. ತಿಳಿದುಕೊಳ್ಳಲಿ ಎಂದು ಬಿಟ್ಟೆ. ನನಗೆ ಅದು ಸುಲಭವಾಗಿತ್ತು.

ಇನ್ನೊಂದಿದೆ. ಹೋದ ವರ್ಷ ಆಕೆ ಹಾಸಿಗೆ ಹಿಡಿದಾಗ, ಹೋಗುವ ನಾಲ್ಕು ದಿನ ಮೊದಲು, ನನ್ನನ್ನು ಹತ್ತಿರ ಕರೆದು ಹೇಳಿದಳು. ಆಕೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಇದು ನಿನಗೆ ಸೇರಬೇಕಾದದ್ದು: "ಬುಡನಸಾಬರಿಗೆ ಹೇಳಿ ಕಳಸ್ರಿ. ನನ್ನ ಮನಸಿನ್ಯಾಗ ಈಗ ಏನೂ ಇಲ್ಲ. ಅವರೇನು ಬೇಕಂತ ಮಾಡಿರಾಕಿಲ್ಲ. ಒಮ್ಮೆ ಬಂದು ಚಾ ಕುಡುದು ಹೋಗ್ಲಿ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ನೀನು ಬಂದರೆ ಅವಳು ಕ್ಷಮಿಸಿದ್ದು ಏನನ್ನು ಎಂದು ನೀನು ಕೇಳುತ್ತಿದ್ದೆ. ಮಾರನೆಯ ದಿನ ಬಾಗಿಲ ಕಡೆ ಮುಖ ಮಾಡಿ ಮಲಗಿಸಲು ಹೇಳಿದಳು. ಬರುತ್ತಾರಂತೇನು ಎಂದು ಕೇಳಿದಳು. ಬಸ್ಸು ಸಿಕ್ಕಿಲ್ಲವಂತೆ ಎಂದೆ. ಅದರ ಮರುದಿನವೂ ಅದನ್ನೇ ಹೇಳಿದೆ. ಮಣ್ಣಿಗೆ ನೀನು ಬಂದೆ, ದೂರ ಲೈಟಿನ ಕಂಬಕ್ಕೆ ಒರಗಿ ನಿಂತೆ, ಎಲ್ಲರೂ ಹಾಕಿ ಸರಿದ ಮೇಲೆ ಮೂರು ಹಿಡಿ ಹಾಕಿ ಹೊರಟುಹೋದೆ. ಆಗಲಾದರೂ ಹೇಳಬಹುದಿತ್ತು.

ಬೆಳಕು ಹೋಗುತ್ತಿದೆ, ಬುಡನಾ. ಈ ಸಾಲು ಮೇಲಿನ ಸಾಲಿನ ಮೇಲೆ ಹತ್ತಿದೆಯೋ ಏನೋ ಕಾಣುತ್ತಿಲ್ಲ. ಎದ್ದು ದೀಪ ಹಾಕಿದರೆ ಬರೆದದ್ದನ್ನು ಓದುತ್ತೇನೆ, ಓದಿದರೆ ಹರಿದು ಹಾಕುತ್ತೇನೆ. ದೀಪ ಹಾಕುವುದಿಲ್ಲ. ಹೀಗೇ ಮಡಚುತ್ತೇನೆ.